ನಾಲ್ಕೂ ಚಕ್ರಕ್ಕೆ ಒಂದೇ ಸೈಜು: ನನ್ನ 330ಐನ ಎರಡು ವರ್ಷದ ಟೈರು ಪುರಾಣ

ಮುಂದೊಂದು ಹಿಂದೊಂದು ಸೈಜಿನ ಟೈರು ಬರುವ ಬಿಎಂಡಬ್ಲ್ಯುಗೆ ನಾಲ್ಕೂ ಕಡೆ ಒಂದೇ ಸೈಜು ಹಾಕಬಹುದಾ, ಹಾಕಿದರೆ ಯಾವುದು? ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ಕಡೆ 245/40 ಆರ್18 (ಟೈರಿನ ಅಗಲ 245 ಎಂಎಂ, ಗೋಡೆಯ ಎತ್ತರ ಅದರ ಶೇ. 40, ರಿಮ್ಮು 18 ಇಂಚು), ನಾಲ್ಕೂ ರಿಮ್ಮು 8ಜೆ ಇಟಿ34 (8 ಇಂಚು ಅಗಲ; ಇಟಿ ನಂಬರು ಕಮ್ಮಿಯಾದಷ್ಟೂ ಚಕ್ರ ಹೊರಗೆ ಕೂರುತ್ತದೆ). ಕಾರು ಬಿಎಂಡಬ್ಲ್ಯು 330ಐ ಎಂ ಸ್ಪೋರ್ಟ್, ಎಫ್30 ಅನ್ನೋ ತಲೆಮಾರಿನದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 252 ಕುದುರೆ, ಪವರ್ ಹೋಗೋದು ಹಿಂದಿನ ಚಕ್ರಕ್ಕೆ. ಈ ಸೆಟ್ಟು ಹಾಕಿ 19 ಸಾವಿರ ಕಿಲೋಮೀಟರ್ ಆಯಿತು. ಇಷ್ಟೇ ಬೇಕಿದ್ದವರು ಇಲ್ಲಿಗೇ ಎದ್ದು ಹೋಗಬಹುದು. ಇಲ್ಲಿಗೆ ಬರೋಕೆ ಮುಂಚೆ ನಾನು ದುಡ್ಡು ಎಲ್ಲೆಲ್ಲಿ ಸುರಿದೆ ಅನ್ನೋದು ಬೇಕಿದ್ದವರು ಕೂತು ಓದಿ.

ಕಾರಿನ ಜೊತೆ ಬಂದಿದ್ದು ಮುಂದೆ 225/45, ಹಿಂದೆ 255/40, ಗಾಳಿ ಹೋದರೂ ಒಂದಷ್ಟು ದೂರ ಓಡುವ ರನ್‌ಫ್ಲಾಟ್. ಹಿಂದಿನಿಂದ ನೋಡಿದರೆ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ವರ್ಷಕ್ಕೆ ನಾಲ್ಕೈದು ಸಲ ಕೊಯಮತ್ತೂರಿನ ಕರಿ ಅನ್ನೋ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ, ಒಂದೆರಡು ಸಲ ಶ್ರೀಪೆರುಂಬುದೂರಿನ ಹತ್ತಿರ ಇರುವ ಮದ್ರಾಸ್ ಟ್ರ್ಯಾಕಿಗೂ. ಎರಡೂ ಕಡೆ ಓಟ ಗಡಿಯಾರದ ದಿಕ್ಕಿಗೆ. ಹಾಗಾಗಿ ಎಡ ಮುಂದಿನ ಟೈರಿನ ಹೊರ ಭುಜ ಮೊದಲು ಸಾಯುತ್ತದೆ. ಮಧ್ಯದ ತೋಡುಗಳೆಲ್ಲ ಚೆನ್ನಾಗಿವೆ, ಹೊರ ಅಂಚು ಮಾತ್ರ ರಬ್ಬರು ಉದುರಿ ಗೊರಸಿನ ಥರ ಆಗಿರುತ್ತದೆ. ಅದನ್ನು ಹಿಂದಕ್ಕೆ ಹಾಕೋಣ ಅಂದರೆ ಸೈಜು ಬೇರೆ. ಇತ್ತ ಹಿಂದಿನ 255ಗಳು ಬೆಂಗಳೂರಿನ ಸಿಗ್ನಲ್‌ಗಳಲ್ಲೇ ಒಳ ಅಂಚು ಸವೆದು 16 ಸಾವಿರಕ್ಕೆ ಮುಗಿದವು. ಅದೇ ರನ್‌ಫ್ಲಾಟ್ ನಾಲ್ಕು ಹೊಸದಾಗಿ ಕೇಳಿದರೆ ಒಂದು ಲಕ್ಷದ ಮೇಲೆ ಹೇಳಿದರು. ಆವತ್ತೇ ನಿರ್ಧಾರ ಮಾಡಿದೆ, ಮುಂದೆ-ಹಿಂದೆ ಅನ್ನೋ ಭೇದ ಇನ್ನು ಸಾಕು.

ಹೇಳಿದ್ದೇ ತಡ, ಎಲ್ಲರೂ ಮೈಮೇಲೆ ಬಿದ್ದರು. ಅಲೈನ್‌ಮೆಂಟ್ ಅಂಗಡಿಯ ಹುಡುಗ, "ಸಾರ್, ಇದು ಹಿಂದಿನ ವೀಲ್ ಗಾಡಿ. ಹಿಂದೆ ದಪ್ಪ ಇಲ್ಲಾಂದ್ರೆ ಬಾಲ ಬೀಸುತ್ತೆ" ಅಂದ. ಟ್ರ್ಯಾಕ್ ಗೆಳೆಯರು ಅದನ್ನೇ ಇಂಗ್ಲಿಷಲ್ಲಿ ಹೇಳಿದರು. "ಜರ್ಮನಿಯವರು ದಡ್ಡರಾ?" ಅನ್ನೋ ಪ್ರಶ್ನೆ ಕನಿಷ್ಠ ಹತ್ತು ಸಲ ಕೇಳಿದ್ದೇನೆ. ದಡ್ಡರಲ್ಲ. ಇದೇ ಎಫ್30ಗೆ 17 ಇಂಚಿನ ರಿಮ್ಮು ಕೊಟ್ಟಾಗ ನಾಲ್ಕೂ ಕಡೆ 225/50 ಕೊಟ್ಟವರೂ ಅವರೇ ಅಲ್ವಾ? ಅಮೆರಿಕಕ್ಕೆ 1995ರಲ್ಲಿ ಕಳಿಸಿದ ಹಳೇ ತಲೆಮಾರಿನ ಇ36 ಎಂ3 ಕಾರಿಗೆ ನಾಲ್ಕೂ 235/40 ಆರ್17 ಇತ್ತು, ಮಾರನೇ ವರ್ಷ ಹಿಂದೆ ದಪ್ಪ ಮಾಡಿದರು. ಯಾವ ಡ್ರೈವರ್ ಕೈಗೆ ಹೋಗುತ್ತೋ ಅಂತ ಲೆಕ್ಕ ಹಾಕಿ ಕೊಡೋದು ಅವರ ಕೆಲಸ. ನನ್ನ ಕೈಗೆ ಏನು ಬೇಕು ಅಂತ ನೋಡೋದು ನನ್ನ ಕೆಲಸ.

ಆದರೂ ಮೊದಲ ರೌಂಡಲ್ಲಿ ಅವರ ಮಾತೇ ನಿಜವಾಯಿತು. ಜಿಪುಣತನ ಮಾಡಿ ನಾಲ್ಕೂ ಕಡೆ 225/45 ಹಾಕಿಸಿದೆ, ಸುಮಾರು 74 ಸಾವಿರ. ಹಿಂದಿನ ರಿಮ್ಮು 8.5ಜೆ, ಅದರ ಮೇಲೆ 225 ಕೂರುತ್ತದೆ, ತಪ್ಪೇನಿಲ್ಲ. ಆದರೆ ಟೈರಿನ ಗೋಡೆ ಒಳಕ್ಕೆ ಎಳೆದುಕೊಂಡು ರಿಮ್ಮಿನ ಅಂಚು ಹೊರಗೆ ಬರುತ್ತದೆ. ಮೂರನೇ ದಿನವೇ ಫುಟ್‌ಪಾತಿಗೆ ಉಜ್ಜಿ ಒಂದು ಗೇಣು ಗೀರು ಬಿತ್ತು. ಒಣ ರಸ್ತೆಯಲ್ಲಿ ಮಜಾ, ಮೂಗು ಹೇಳಿದ ಕಡೆ ತಿರುಗುತ್ತಿತ್ತು. ಜುಲೈನಲ್ಲಿ ಚಾರ್ಮಾಡಿ ಹತ್ತುವಾಗ ಗೊತ್ತಾಯಿತು. ಜಿಟಿಜಿಟಿ ಮಳೆ, ಎರಡನೇ ಗೇರು, ಹೇರ್‌ಪಿನ್ನಿಂದ ಹೊರಬರುತ್ತಾ ಕಾಲು ಸ್ವಲ್ಪ ಒತ್ತಿದರೆ ಸಾಕು, ಚಕ್ರ ಜಾರಿದಾಗ ಹೊತ್ತುವ ಟ್ರ್ಯಾಕ್ಷನ್ ದೀಪ ಮಿಣಮಿಣ. ಒಂದು ತಿರುವಿನಲ್ಲಿ ಹಿಂದೆ ಎಷ್ಟು ಜಾರಿತೆಂದರೆ ಪಕ್ಕದಲ್ಲಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ಐದು ಸಾವಿರ ಕಿಲೋಮೀಟರ್ ಓಡಿಸಿ ಆ ಸೆಟ್ಟನ್ನು 32 ಸಾವಿರಕ್ಕೆ ಕೊಟ್ಟೆ.

ಎರಡನೇ ರೌಂಡಲ್ಲಿ ಇನ್ನೊಂದು ತುದಿಗೆ ಹೋದೆ, ನಾಲ್ಕೂ 255. ಅರ್ಧ ಸವೆದ ನಾಲ್ಕು ಟೈರು 36 ಸಾವಿರಕ್ಕೆ ಸಿಕ್ಕವು. ಮುಂದಿನ ರಿಮ್ಮು 8ಜೆ, 255/40ಗೆ ಕನಿಷ್ಠ 8.5 ಬೇಕು ಅಂತ ನನಗೂ ಗೊತ್ತು. "ಏನೂ ಆಗಲ್ಲ ಸಾರ್" ಅಂದ ಅಂಗಡಿಯವನು, ನಾನೂ ತಲೆಯಾಡಿಸಿದೆ. ಸ್ಟೀರಿಂಗ್ ಅನ್ನೋದು ಹಲ್ವಾ ಕಲಸಿದ ಹಾಗಾಯಿತು. ಇಲ್ಲಿ ತಿರುಗಿಸಿದರೆ ಅದು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಸಾಲದ್ದಕ್ಕೆ ಒಂದು ಟೈರನ್ನು ಒಳಗಡೆ ಹೊರಗಡೆ ಉಲ್ಟಾ ಹಾಕಿಬಿಟ್ಟಿದ್ದರು. ಅದನ್ನು ನಾನು ಕಂಡುಹಿಡಿದಿದ್ದು ಹತ್ತು ದಿನದ ಮೇಲೆ, ಕಾರು ತೊಳೆಯುವಾಗ.

ಬಿಡಲಿಲ್ಲ. ಮುಂದೆಯೂ 8.5ಜೆ ಹಾಕೋಣ ಅಂತ ಹಿಂದಿನ ರಿಮ್ಮುಗಳ ಇನ್ನೊಂದು ಜೋಡಿ 22 ಸಾವಿರಕ್ಕೆ ತಂದೆ. ಅವು ಇಟಿ47. ಮುಂದೆ ಹಾಕಿದರೆ ಒಳಗಡೆ ಸಸ್ಪೆನ್ಷನ್ನಿನ ಕಂಬಕ್ಕೆ, ಅಂದರೆ ಸ್ಟ್ರಟ್ಟಿಗೆ, ಮುತ್ತು ಕೊಡುತ್ತವೆ. ಹಾಗಾಗಿ ಚಕ್ರವನ್ನು ಹೊರಕ್ಕೆ ತಳ್ಳೋಕೆ ನಡುವೆ ಇಡುವ 15 ಎಂಎಂ ಬಿಲ್ಲೆ, ಅಂದರೆ ಸ್ಪೇಸರು, ಜೊತೆಗೆ ಉದ್ದದ ಬೋಲ್ಟು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ "ಬಿಎಂಡಬ್ಲ್ಯು ಸೈಜೇ ಸಾರ್" ಅಂತ ಕೊಟ್ಟರು. 110 ದಾಟಿದರೆ ಸ್ಟೀರಿಂಗ್ ನಡುಕ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಮೂರೂ ಸಲ ಮೆಷಿನ್ನು ಸೊನ್ನೆ ತೋರಿಸಿತು. ಕೊನೆಗೆ ಸ್ಪೇಸರ್ ಬಿಚ್ಚಿ ವರ್ನಿಯರ್ ಹಿಡಿದರೆ ನಡುವಿನ ತೂತು 74.1 ಎಂಎಂ. ಅದು ಕೂರಬೇಕಾದ ನಮ್ಮ ಕಾರಿನ ಹಬ್ಬು 72.6. ಒಂದೂವರೆ ಎಂಎಂ ಸಡಿಲದಲ್ಲಿ ಚಕ್ರ ಬೋಲ್ಟುಗಳ ಮೇಲೆ ನೇತಾಡುತ್ತಿತ್ತು. ಸರಿಯಾದ ಸ್ಪೇಸರ್ ತರಿಸಿದ ಮೇಲೆ ನಡುಕ ಹೋಯಿತು, ಆದರೆ ಬೇಸ್‌ಮೆಂಟಿನಲ್ಲಿ ಫುಲ್ ಲಾಕ್ ತಿರುಗಿಸಿದಾಗಲೆಲ್ಲ ಟೈರು ಚಕ್ರದ ಗೂಡಿನ ಒಳಗಿನ ಲೈನರಿಗೆ ಉಜ್ಜಿ ಗೊರ್ ಅಂತ ಸದ್ದು. ನನ್ನ ಕಾರು ಬಂದಿದ್ದು ಇಡೀ ಅಪಾರ್ಟ್‌ಮೆಂಟಿಗೇ ಗೊತ್ತಾಗುತ್ತಿತ್ತು.

ಇಲ್ಲಿ ಒಂದು ಅಡ್ಡದಾರಿ. ರನ್‌ಫ್ಲಾಟ್ ತೆಗೆಯುವ ಮೊದಲು ಒಂದು ಭಾನುವಾರ ನಾಲ್ಕೂ ಚಕ್ರದ ಸುತ್ತಳತೆ ನಿಜವಾಗಿ ಎಷ್ಟು ಅಂತ ನೋಡಬೇಕು ಅನ್ನಿಸಿತ್ತು. ಟೈರಿಗೆ ಚಾಕ್‌ಪೀಸಲ್ಲಿ ಗೆರೆ, ನೆಲಕ್ಕೆ ಗೆರೆ, ಗೇರು ನ್ಯೂಟ್ರಲ್, ಬೇಸ್‌ಮೆಂಟಿನಲ್ಲಿ ಕಾರು ತಳ್ಳಿಕೊಂಡು ಐದು ಸುತ್ತು. ವಾಚ್‌ಮನ್ ಓಡಿ ಬಂದ, "ಏನ್ ಸಾರ್, ಬ್ಯಾಟರಿ ಡೌನಾ?" ಹೌದಪ್ಪ ಅಂದೆ, ಅವನೂ ಒಂದು ಕೈ ಹಾಕಿದ. ಲೆಕ್ಕದ ಪ್ರಕಾರ ಹಿಂದಿನ 255/40 ಒಂದು ಸುತ್ತಿಗೆ ಮುಂದಿನದಕ್ಕಿಂತ 5 ಎಂಎಂ ಉದ್ದ ಹೋಗಬೇಕು. ನನ್ನ ಕಾರಿನಲ್ಲಿ ಉಲ್ಟಾ. ಐದು ಸುತ್ತಿಗೆ ಹಿಂದಿನ ಚಕ್ರ ಏಳು ಸೆಂಟಿಮೀಟರ್ ಕಮ್ಮಿ ಹೋಗಿತ್ತು. ಕಾರಣ ಸವೆತ. ಹಿಂದೆ ರಬ್ಬರು ಮೂರು ಎಂಎಂ ಜಾಸ್ತಿ ಸವೆದಿದ್ದರೆ ಸುತ್ತಳತೆ ಹತ್ತೊಂಬತ್ತು ಎಂಎಂ ಹೋಯಿತು, ಸೈಜಿನ ಐದು ಎಂಎಂ ಅದರ ಮುಂದೆ ಯಾವ ಲೆಕ್ಕ? ನನ್ನದು ಬರೀ ಹಿಂದಿನ ಚಕ್ರದ ಗಾಡಿ, ಬದುಕಿಕೊಂಡಿತು. ಎಕ್ಸ್‌ಡ್ರೈವ್ (ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಬಿಎಂಡಬ್ಲ್ಯು) ಇಟ್ಟುಕೊಂಡವರು ಈ ಚಾಕ್‌ಪೀಸಿನ ಆಟ ಒಂದು ಸಲ ಆಡಿ ನೋಡಿ. ಟ್ರಾನ್ಸ್‌ಫರ್ ಕೇಸಿನ (ಪವರನ್ನು ಮುಂದಕ್ಕೂ ಹಿಂದಕ್ಕೂ ಹಂಚೋ ಡಬ್ಬ) ಬಿಲ್ಲು ಬಂದ ಮೇಲೆ ಆಡಿ ಪ್ರಯೋಜನ ಇಲ್ಲ.

ಸರಿ, 245ಕ್ಕೆ ಬರೋಣ. 245/40 ಸೈಜು 8ಜೆ ಮೇಲೂ ಕೂರುತ್ತದೆ, 8.5 ಮೇಲೂ ಕೂರುತ್ತದೆ. ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲ ಅಂದರೆ, ಕಾರಿನ ಬಾಗಿಲಿನ ಸ್ಟಿಕರಲ್ಲಿ ಇಲ್ಲದ ಸೈಜು ಅಂತ ನಾನು ಅದರ ಕಡೆ ನೋಡೇ ಇರಲಿಲ್ಲ. ಲೋಡ್ ಇಂಡೆಕ್ಸ್ 97 ಸಿಕ್ಕಿತು, ಅಂದರೆ ಟೈರಿಗೆ 730 ಕೆ.ಜಿ., ಸಾಕಷ್ಟಾಯಿತು. ಟೈರು ಹೀಗೆ ಸರಿಹೋದರೂ ರಿಮ್ಮು ಎರಡು ಅಗಲ ಇದ್ದರೆ ಅದಲು ಬದಲು ಮಾಡುವಾಗ ಪ್ರತಿ ಸಲ ಟೈರು ಕಳಚಬೇಕು. ನಾಲ್ಕೂ ಮುಂದಿನ ರಿಮ್ಮೇ ಬೇಕು, 8ಜೆ ಇಟಿ34. ಹಿಂದೆ ಹಾಕಿದರೆ ಏಳು ಎಂಎಂ ಹೊರಗೆ ಬರುತ್ತದೆ, ಅಷ್ಟೇ. ಆದರೆ ಅವು ಸಿಗಬೇಕಲ್ಲ! ಗುಂಡಿಗೆ ಮೊದಲು ಬೀಳೋದು ಮುಂದಿನ ಚಕ್ರ, ಹಾಗಾಗಿ ಹಳೇ ಮಾರ್ಕೆಟ್ಟಿನಲ್ಲಿ ಉಳಿಯೋದೆಲ್ಲ ಹಿಂದಿನವೇ. ಎಂಟು ತಿಂಗಳು ಅಲೆದೆ. ಒಂದು ಜೋಡಿ ತೋರಿಸಿದರು, ಒಳಗಡೆ ಬಿರುಕಿಗೆ ವೆಲ್ಡಿಂಗ್ ಮಾಡಿ ಬೆಳ್ಳಿ ಬಣ್ಣ ಬಳಿದಿದ್ದರು, ಉಗುರಿನಲ್ಲಿ ಕೆರೆದಾಗ ಸಿಕ್ಕಿಬಿತ್ತು. ಬೇಡ ಅಂದೆ. ಕೊನೆಗೆ ಮೂರು ಒಟ್ಟಿಗೆ 45 ಸಾವಿರಕ್ಕೆ ಸಿಕ್ಕವು. ಎಲ್ಲಿ ಅಂತ ಕೇಳಬೇಡಿ, ಹೇಳಲ್ಲ. ಎರಡು ಸರಿ ಇದ್ದವು, ಒಂದು ಸೊಟ್ಟ. ಸೊಟ್ಟದ್ದನ್ನು ನೇರ ಮಾಡಿಸಿದೆ, ಎರಡೂವರೆ ಸಾವಿರವೋ ಏನೋ. ಅದು ಇನ್ನೂ ಸ್ವಲ್ಪ ಓಲಾಡುತ್ತದೆ, ಹಾಗಾಗಿ ಅದೇ ನನ್ನ ಸ್ಟೆಪ್ನಿ. ಕಂಪನಿ ಕೊಡದ ಸ್ಟೆಪ್ನಿ, ಮುಂದೆಯೂ ಆಗುತ್ತೆ ಹಿಂದೆಯೂ ಆಗುತ್ತೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಜಂಬ ಪಡುತ್ತೇನೆ.

ಟೈರು ನಾಲ್ಕಕ್ಕೆ 88 ಸಾವಿರ, ರನ್‌ಫ್ಲಾಟ್ ಅಲ್ಲದ್ದು, ಒಳಗೆ-ಹೊರಗೆ ಗುರುತು ಇರುವ ನಮೂನೆ. ಒಂದೇ ದಿಕ್ಕಿಗೆ ಉರುಳೋ ನಮೂನೆ ತಗೊಂಡರೆ ಎಡ-ಬಲ ಬದಲಿಸಲು ಆಗಲ್ಲ, ಅಲ್ಲಿಗೆ ಇಡೀ ಕಸರತ್ತೇ ದಂಡ. ಮೂಟೆ ತೂಗುವ ಕೊಕ್ಕೆ ತಕ್ಕಡಿಯಲ್ಲಿ ನೇತುಹಾಕಿ ನೋಡಿದೆ, ಹಿಂದಿನ ಹಳೇ ಚಕ್ರಕ್ಕಿಂತ ಒಂದೊಂದಕ್ಕೆ ಸುಮಾರು ಮೂರು ಕೆ.ಜಿ. ಕಮ್ಮಿ. ಮುಂದಿನ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲೋ ಕೋನ, ಅರ್ಧ ಡಿಗ್ರಿ ಜಾಸ್ತಿ ಮಾಡಿಕೊಂಡೆ, ಒಂದು ಪಾರ್ಟೂ ಕೊಳ್ಳದೆ. ಎಲ್ಲಿಂದ ಕದ್ದೆ ಅನ್ನೋದು ಈ ಗಾಡಿಯ ಸ್ಟ್ರಟ್ ಬಿಚ್ಚಿದವರಿಗೆ ಗೊತ್ತಿರುತ್ತದೆ, ಮಿಕ್ಕವರು ಬಿಚ್ಚಿ ನೋಡಿ. ಗಾಳಿ ರಸ್ತೆಗೆ ಮುಂದೆ 33 ಪಿಎಸ್ಐ, ಹಿಂದೆ 35. ಟ್ರ್ಯಾಕಿನಲ್ಲಿ ತಣ್ಣಗಿರುವಾಗ 28-29ಕ್ಕೆ ಶುರು, ಬಿಸಿಯಾದಾಗ 36 ದಾಟಲು ಬಿಡಲ್ಲ. ಮುಂದೆ-ಹಿಂದೆ ಒಂದೇ ಟೈರು ಆದ ಮೇಲೆ ಈ ಪ್ರೆಶರಿನಲ್ಲೇ ಬಾಲ ಎಷ್ಟು ಬೀಸಬೇಕು ಅಂತ ಹೇಳಬಹುದು, ಎರಡು ಪಿಎಸ್ಐ ವ್ಯತ್ಯಾಸ ಸೀಟಿನಲ್ಲೇ ಗೊತ್ತಾಗುತ್ತದೆ. ಕರಿಯಲ್ಲಿ ನಾನು ಇಡೋ ನಂಬರು ಮಾತ್ರ ನನ್ನ ಹತ್ತಿರವೇ ಇರಲಿ.

ಅದೇ ಕರಿಯಲ್ಲಿ ಒಂದು ಸುತ್ತಿಗೆ ಹಳೇ ಸೆಟ್ಟಿಗಿಂತ ಒಂದೂವರೆ ಸೆಕೆಂಡು ಕಮ್ಮಿ ಬಂತು. ಅರ್ಧ ಸೆಕೆಂಡು ರನ್‌ಫ್ಲಾಟ್ ಹೋಗಿದ್ದಕ್ಕೆ ಅಂತ ಗೆಳೆಯರು ವಾದ ಮಾಡುತ್ತಾರೆ, ಮಾಡಿಕೊಳ್ಳಲಿ. ಸ್ಟೀರಿಂಗ್ ತಿರುಗಿಸಿ ಕಾಯೋ ಆಟ ಹೋಗಿದೆ, ಅದು ಮುಖ್ಯ. ಈ ವರ್ಷ ಮಳೆಯಲ್ಲಿ ಮತ್ತೆ ಚಾರ್ಮಾಡಿ ಹತ್ತಿದೆ. ದೀಪ ಎರಡು ಸಲ ಮಿಣುಕಿತು, ಅಷ್ಟೇ. ಹೆಂಡತಿ ನಿದ್ದೆ ಮಾಡುತ್ತಿದ್ದಳು.

ಕಳಕೊಂಡಿದ್ದೂ ಇದೆ. ಹಿಂದೆ ನಾಲ್ಕು ಎಂಎಂ, ಮುಂದೆ ಮೂರು ಎಂಎಂ ತಗ್ಗಾಗಿದೆ. ನಾಲ್ಕು ಜನ ಕೂತರೆ ನಮ್ಮ ಬೀದಿಯ ಕೊನೆಯ ರಸ್ತೆಯುಬ್ಬಿಗೆ ಹೊಟ್ಟೆ ತಾಗುತ್ತದೆ, ಅಡ್ಡಡ್ಡ ದಾಟಿಸಬೇಕು. ಸ್ಪೀಡೋ 100 ತೋರಿಸಿದಾಗ ಜಿಪಿಎಸ್ ಮೊದಲು 95 ಹೇಳುತ್ತಿತ್ತು, ಈಗ 94. ಹಿಂದಿನಿಂದ ನೋಡಿದಾಗಿನ ಆ ದಪ್ಪ ಗತ್ತೂ ಸ್ವಲ್ಪ ಇಳಿದಿದೆ, ಸುಳ್ಳು ಯಾಕೆ ಹೇಳಲಿ. ದುಡ್ಡಿನ ಲೆಕ್ಕ: ಮಾರಿದ್ದೆಲ್ಲ ಕಳೆದು, ಸ್ಪೇಸರು, ಹತ್ತಾರು ಸಲದ ಫಿಟ್ಟಿಂಗು, ಅಲೈನ್‌ಮೆಂಟು, ಈಗಿನ ಟೈರು ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು. ನೀವು ನೇರವಾಗಿ ಕೊನೆಯ ಹೆಜ್ಜೆಗೆ ಹೋದರೆ ಅದರ ಮುಕ್ಕಾಲು ಭಾಗವೂ ಬೇಕಾಗಲ್ಲ. ಐದೈದು ಸಾವಿರಕ್ಕೆ ಒಂದು ಸಲ ನಾನೇ ಜಾಕ್ ಹಾಕಿ ಬದಲಿಸುತ್ತೇನೆ, ಬೋಲ್ಟಿಗೆ 140 ಎನ್‌ಎಂ. ಮೊನ್ನೆ ಅಳೆದಾಗ ನಾಲ್ಕರಲ್ಲೂ ತೋಡಿನ ಆಳ ಐದು ಎಂಎಂ ಹತ್ತಿರ ಇತ್ತು, ಅತಿ ಸವೆದದ್ದಕ್ಕೂ ಅತಿ ಚೆನ್ನಾಗಿರುವುದಕ್ಕೂ ಅರ್ಧ ಎಂಎಂ ಅಂತರ.

ಬಾಲ ಬೀಸುತ್ತೆ ಅಂದಿದ್ದ ಅಲೈನ್‌ಮೆಂಟ್ ಹುಡುಗ ಕಳೆದ ವಾರ ಫೋನ್ ಮಾಡಿದ್ದ. ಅಂಗಡಿಗೆ ಇನ್ನೊಂದು ಎಫ್30 ಬಂದಿದೆಯಂತೆ, ಓನರಿಗೆ ನನ್ನ ಕಾರು ತೋರಿಸಿ ನಾಲ್ಕೂ 245 ಹಾಕಿಸಿ ಅಂತ ಇವನೇ ಹೇಳಿದನಂತೆ. "ಸಾರ್, ಮುಂದಿನ ರಿಮ್ಮು ಎರಡು ಬೇಕಿತ್ತು, ಎಲ್ಲಿ ಸಿಗುತ್ತೆ?" ಅಂದ. ನನಗೇ ಇನ್ನೂ ಒಂದು ಬೇಕು ಕಣಪ್ಪ, ಸ್ಟೆಪ್ನಿ ಓಲಾಡುತ್ತೆ ಅಂದೆ.