ವಾರ್ಮ್‌ಅಪ್‌ನ ಪರಿಣಾಮ ಅನೋವಾದಲ್ಲಿ ಯಾಕೆ ಕಾಣಲಿಲ್ಲ?

ಕಂಠೀರವ ಸ್ಟೇಡಿಯಂ ಟ್ರ್ಯಾಕ್‌ನಲ್ಲಿ ನಮ್ಮ ಓಟಗಾರರ 30 ಮೀಟರ್ ಸ್ಪ್ರಿಂಟ್ ಸಮಯ ತೆಗೆದಿದ್ದೆವು. ಮೂರು ಬಗೆಯ ವಾರ್ಮ್‌ಅಪ್, ಮೂರನ್ನೂ ಮಾಡಿದ್ದು ಅದೇ ಹುಡುಗರು. ಡೈನಾಮಿಕ್ ಸ್ಟ್ರೆಚಿಂಗ್ (ಚಲಿಸುತ್ತಲೇ ಮೈ ಸಡಿಲಿಸುವ ವಾರ್ಮ್‌ಅಪ್) ಆದಮೇಲೆ ಹೆಚ್ಚುಕಮ್ಮಿ ಎಲ್ಲರ ವೇಗವೂ ಏರಿತ್ತು. ಆದರೂ ಒನ್-ವೇ ಅನೋವಾದಲ್ಲಿ (ಗುಂಪುಗಳ ಸರಾಸರಿಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಪಿ ಮೌಲ್ಯ, ಅಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.05ರ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಗುಟ್ಟು ಇದ್ದದ್ದು ಎಫ್‌ನ ಛೇದದಲ್ಲಿ. ಎಫ್ ಅಂದರೆ ವಾರ್ಮ್‌ಅಪ್‌ಗಳ ನಡುವಿನ ವ್ಯತ್ಯಾಸವನ್ನು ದೋಷದಿಂದ (ವಿವರಿಸಲಾಗದ ಏರಿಳಿತದಿಂದ) ಭಾಗಿಸಿದ ಅನುಪಾತ. ಒಬ್ಬ 4.1 ಸೆಕೆಂಡ್‌ನಲ್ಲಿ ಓಡುತ್ತಾನೆ, ಇನ್ನೊಬ್ಬ 4.8ರಲ್ಲಿ. ಈ ಅಂತರವನ್ನೆಲ್ಲ ಒನ್-ವೇ ಅನೋವಾ ದೋಷದ ಲೆಕ್ಕಕ್ಕೆ ಸೇರಿಸುತ್ತದೆ. ವಾರ್ಮ್‌ಅಪ್ ತರುವ ಚಿಕ್ಕ ಬದಲಾವಣೆ ಅದರಲ್ಲಿ ಮುಳುಗಿಹೋಗುತ್ತದೆ, ಅಲ್ವಾ?

ಅದಕ್ಕೇ ರಿಪೀಟೆಡ್ ಮೆಷರ್ಸ್ ಅನೋವಾ (ಅದೇ ಜನರನ್ನು ಮತ್ತೆ ಮತ್ತೆ ಅಳೆದಾಗ ಬಳಸುವ ಬಗೆ) ಹಾಕಿದೆ. ಡೇಟಾವನ್ನು ಉದ್ದಕ್ಕೆ ಜೋಡಿಸಿದೆ: ಪ್ರತಿ ಸಮಯಕ್ಕೂ ಒಂದು ಸಾಲು, ಪಕ್ಕದಲ್ಲಿ ಓಟಗಾರನ ನಂಬರ್, ವಾರ್ಮ್‌ಅಪ್‌ನ ಹೆಸರು. ಹುಡುಗರ ನಡುವಿನ ಅಂತರ ಪಕ್ಕಕ್ಕೆ ಸರಿಯಿತು, ಎಫ್ ಒಮ್ಮೆಲೇ ಜಿಗಿಯಿತು. ನಿಜಕ್ಕೂ ಖುಷಿಯಾಯಿತು!

ಸ್ಫೆರಿಸಿಟಿ (ಪ್ರತಿ ಎರಡು ವಾರ್ಮ್‌ಅಪ್‌ಗಳ ಅಂತರದ ಏರಿಳಿತ ಒಂದೇ ಸಮ ಇರಬೇಕೆಂಬ ಷರತ್ತು) ಮಾತ್ರ ಸರಿ ಬರಲಿಲ್ಲ, ಹಾಗಾಗಿ ಅದನ್ನು ಸರಿದೂಗಿಸುವ ಗ್ರೀನ್‌ಹೌಸ್-ಗೈಸರ್ ತಿದ್ದುಪಡಿ ಬಳಸಿದೆ. ಎರಡೆರಡು ವಾರ್ಮ್‌ಅಪ್‌ಗಳ ಹೋಲಿಕೆಗೆ ಹೋಲ್ಮ್ ವಿಧಾನ, ಹಲವು ಹೋಲಿಕೆ ಮಾಡಿದಾಗ ಹೆಚ್ಚುವ ತಪ್ಪನ್ನು ಅದು ಹಿಡಿತದಲ್ಲಿಡುತ್ತದೆ. ಸುಮ್ನೆ ಮೂರು ಟಿ-ಟೆಸ್ಟ್ (ಎರಡು ಸರಾಸರಿಗಳ ಹೋಲಿಕೆ) ಮಾಡಿದರೆ, ಇಲ್ಲದ ವ್ಯತ್ಯಾಸ ಇದೆ ಅನ್ನಿಸುವ ಸಾಧ್ಯತೆ 5%ರಿಂದ ಸುಮಾರು 14%ರ ತನಕ ಏರಬಹುದು. ವಾರ್ಮ್‌ಅಪ್‌ಗಳ ಸರದಿಯನ್ನು ಮೊದಲೇ ಚೀಟಿ ಎತ್ತಿ ಹಂಚಿದ್ದೆವು. ಇಲ್ಲದಿದ್ದರೆ ದಣಿವಿನ ಪರಿಣಾಮವೂ ಇದರಲ್ಲಿ ಬೆರೆತುಬಿಡುತ್ತಿತ್ತು, ಅದನ್ನು ಯಾವ ಅನೋವಾದಿಂದಲೂ ಬೇರೆ ಮಾಡಲು ಆಗುತ್ತಿರಲಿಲ್ಲ.