ಹೆಸರು ಅಚ್ಚಾದ ಪಿಡಿಎಫ್: ಮಂಗಳೂರಿನಲ್ಲಿ ಕೂತು ಆಟದ ಪುಸ್ತಕ ಮಾರಿದ್ದು

ಆಟದ ಪುಸ್ತಕವನ್ನು ಪಿಡಿಎಫ್ ಮಾಡಿ ಮಾರುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಒಬ್ಬ ತಗೊಂಡು ಊರಿಗೆಲ್ಲ ಫಾರ್ವರ್ಡ್ ಮಾಡಿದ್ರೆ?" ಮಾಡುತ್ತಾರೆ, ಅದರಲ್ಲೇನೂ ಅನುಮಾನ ಬೇಡ. ಗೊತ್ತಿದ್ದೇ ನಾನು ಫೈಲಿಗೆ ಬೀಗ (ನಕಲು ಮಾಡದಂತೆ ತಡೆಯುವ ತಂತ್ರ) ಹಾಕದೆ ಮಾರುತ್ತಿದ್ದೇನೆ. ಚಿತ್ರ ಬರೆದವರಿಗೆ ಕೊಟ್ಟು ಕೈಯಲ್ಲಿ ಸ್ವಲ್ಪ ಉಳಿಯುತ್ತಲೂ ಇದೆ.

ನನ್ನದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ. ಡಂಜನ್ಸ್ ಅಂಡ್ ಡ್ರಾಗನ್ಸ್ ಜಾತಿಯದ್ದು. ನಾಲ್ಕೈದು ಜನ ಸುತ್ತ ಕೂತು, ತಲಾ ಒಂದು ಪಾತ್ರ ಹಿಡಿದು, ಮಾತಿನಲ್ಲೇ ಕಥೆ ನಡೆಸುತ್ತಾರೆ. ನಮ್ಮ ಕಡೆಯವರಿಗೆ ತಾಳಮದ್ದಳೆಯ ಹಾಗೆ ಅಂದರೆ ಸಾಕು: ಪ್ರಸಂಗ ಇರುತ್ತದೆ, ಅರ್ಥ ನೀವೇ ಹೇಳಬೇಕು. ಆಟ ನಡೆಸುವವನಿಗೆ ನಾನು ಭಾಗವತ ಅಂತಲೇ ಹೆಸರಿಟ್ಟಿದ್ದೇನೆ. ಕಥೆ ನಡೆಯುವುದು ನಮ್ಮ ಹಳೇ ಬಂದರಿನಂಥ ಒಂದು ಊರಲ್ಲಿ. ದಾಳ ಲೂಡೋದ್ದೇ ನಡೆಯುತ್ತದೆ.

ಅಚ್ಚು ಹಾಕಿಸುವ ಯೋಚನೆ ಮೊದಲು ಇತ್ತು. ಆದರೆ ಬಣ್ಣದ ನಕಾಶೆ ಇರುವ ಪುಸ್ತಕ, ಜಾಸ್ತಿ ಪ್ರತಿ ಹಾಕಿಸಿದರೆ ಮಾತ್ರ ದರ ಇಳಿಯುತ್ತದೆ. ಕನ್ನಡದಲ್ಲಿ ಇಂಥ ಆಟ ಆಡುವವರು ಮಣಿಪಾಲದ ಹಾಸ್ಟೆಲಿನಲ್ಲಿ ಒಬ್ಬ, ಬೆಂಗಳೂರಿನಲ್ಲಿ ಇಬ್ಬರು, ದುಬೈಯಲ್ಲಿ ಒಂದು ಮನೆ. ಅವರಿಗೆ ಕೊರಿಯರ್ ಮಾಡಿದರೆ ಪುಸ್ತಕದ ದುಡ್ಡೆಲ್ಲ ಅದಕ್ಕೇ ಹೋಯ್ತು.

ಬೀಗ ಬೇಡ ಅಂತ ತೀರ್ಮಾನ ಮಾಡಲು ನನಗೆ ಈ ಉದ್ಯಮದ ಇತಿಹಾಸವೇ ಸಾಕಾಯಿತು. 2009ರ ಏಪ್ರಿಲ್‌ನಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿತು. ಕಾರಣ ಪೈರಸಿ. ಎಂಟು ಜನರ ಮೇಲೆ ಕೇಸನ್ನೂ ಹಾಕಿತು. ಆಮೇಲೆ ಏನಾಯಿತು? ಕದ್ದ ಸ್ಕ್ಯಾನ್‌ಗಳು ಎಲ್ಲಿಗೂ ಹೋಗಲಿಲ್ಲ. ದುಡ್ಡು ಕೊಟ್ಟು ಕೊಳ್ಳಲು ಬಂದವನಿಗೆ ಮಾತ್ರ ಅಂಗಡಿ ಮುಚ್ಚಿತ್ತು. 2013ರ ಜನವರಿಯಲ್ಲಿ ಹಳೆಯ ಪುಸ್ತಕಗಳನ್ನು ಮತ್ತೆ ಮಾರಾಟಕ್ಕೆ ತಂದರು. ಡ್ರೈವ್‌ಥ್ರೂಆರ್‌ಪಿಜಿ ಅನ್ನುವ ದೊಡ್ಡ ಪಿಡಿಎಫ್ ಅಂಗಡಿಯೂ 2004ರಲ್ಲಿ ಶುರುವಾದಾಗ ಬೀಗ ಹಾಕಿಯೇ ಮಾರುತ್ತಿತ್ತು. ನಂತರ ಅದನ್ನು ಕೈಬಿಟ್ಟು, ಕೊಂಡವರ ಗುರುತನ್ನು ಪುಟದಲ್ಲಿ ಮುದ್ರಿಸುವ ವಾಟರ್‌ಮಾರ್ಕ್ ದಾರಿಗೆ ಬಂತು. ಪಾತ್‌ಫೈಂಡರ್ ಅನ್ನುವ ಇಂಥದ್ದೇ ಆಟ ಪ್ರಕಟಿಸುವ ಪೈಝೋ ಕೂಡ ಇದೇ ದಾರಿ ಹಿಡಿಯಿತು. ಎಕ್ಲಿಪ್ಸ್ ಫೇಸ್ ಆಟದವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಹಂಚಿಕೊಳ್ಳಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟು ತಮ್ಮ ಪುಸ್ತಕವನ್ನು ತಾವೇ ಟೊರೆಂಟಿಗೆ ಹಾಕಿದರು, ಮಾರಾಟವನ್ನೂ ಮುಂದುವರಿಸಿದರು. ಅಷ್ಟು ಧೈರ್ಯ ನನಗಿಲ್ಲ. ವಾಟರ್‌ಮಾರ್ಕ್ ಸಾಕು ಅನ್ನಿಸಿತು.

ಅಂಗಡಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ನಾನು ಸೇರುವಾಗ ಡ್ರೈವ್‌ಥ್ರೂದಲ್ಲಿ ಬೇರೆ ಕಡೆಯೂ ಮಾರುವವರಿಗೆ ಬೆಲೆಯ ಶೇ 65, ಅಲ್ಲಿ ಮಾತ್ರ ಮಾರುವವರಿಗೆ ಶೇ 70 ಸಿಗುತ್ತಿತ್ತು. ಇಚ್.ಐಓ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಅವರ ಪಾಲು ಎಷ್ಟು ಅಂತ ನಾವೇ ನಿರ್ಧರಿಸಬಹುದು, ಸುಮ್ಮನೆ ಬಿಟ್ಟರೆ ಶೇ 10. ಎರಡೂ ಹೊರದೇಶದವರಿಗೆ ಸರಿ. ನಮ್ಮ ಕಾಲೇಜು ಹುಡುಗರ ಹತ್ತಿರ ಡಾಲರಿನಲ್ಲಿ ಕೊಡುವ ಕಾರ್ಡ್ ಎಲ್ಲಿಂದ ಬರಬೇಕು? ಅವರ ಹತ್ತಿರ ಇರುವುದು ಯುಪಿಐ. ಕೊಳ್ಳುವ ದಾರಿ ಇಲ್ಲದವನಿಗೆ ಕಳ್ಳ ಅಂತ ಬೈದು ಏನು ಪ್ರಯೋಜನ? ಹಾಗಾಗಿ ಇಲ್ಲಿಯವರಿಗೆ ನಾನೇ ನೇರ ಮಾರುತ್ತೇನೆ. 149 ರೂಪಾಯಿ, ಕ್ಯೂಆರ್ ಕೋಡ್, ಒಂದು ಫಾರಂ. ಫಾರಂನಲ್ಲಿ ಪುಟದ ಮೇಲೆ ಹಾಕಲು ಕೇಳುವುದು ಹೆಸರು ಮತ್ತು ಊರು, ಅಷ್ಟೇ. ಇಮೇಲ್, ಫೋನ್ ನಂಬರನ್ನು ಪುಟದ ಮೇಲೆ ಹಾಕುವುದು ನನಗೆ ಇಷ್ಟವಿಲ್ಲ. ಫೈಲ್ ಎಲ್ಲೋ ಹೋದರೆ ಅದರ ಜೊತೆ ಅವರ ನಂಬರೂ ಹೋಗುತ್ತದಲ್ಲ.

ಹೆಸರು ಹಾಕುವ ಕೆಲಸ ಅಂದುಕೊಂಡಷ್ಟು ಸುಲಭ ಇರಲಿಲ್ಲ. ನೆಟ್‌ನಲ್ಲಿ ಸಿಗುವ ಪೈಥಾನ್ ಸ್ಕ್ರಿಪ್ಟ್‌ಗಳು ಇಂಗ್ಲಿಷ್ ಹೆಸರಿಗೆ ಚೆನ್ನಾಗಿ ನಡೆಯುತ್ತವೆ. 'ಕೃಷ್ಣಪ್ಪ' ಅಂತ ಕೊಟ್ಟರೆ ಷ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ಆ ಸ್ಕ್ರಿಪ್ಟ್ ಪಿಡಿಎಫ್ ಬರೆಯಲು ಬಳಸುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಅಕ್ಷರಗಳನ್ನು ಸುಮ್ನೆ ಸಾಲಾಗಿ ಇಡುತ್ತದೆ, ಒತ್ತಕ್ಷರ ಜೋಡಿಸುವುದು ಅದಕ್ಕೆ ಗೊತ್ತಿಲ್ಲ. ಬ್ರೌಸರಿಗೆ ಗೊತ್ತು! ಹಾಗಾಗಿ ಈಗ ಹೆಸರಿನ ಸಾಲು ಮಾತ್ರ ಇರುವ ಒಂದು ಖಾಲಿ ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಿ, ಬ್ರೌಸರಿನಿಂದ ಪಿಡಿಎಫ್ ತೆಗೆಯುತ್ತೇನೆ. ಆ ಪುಟವನ್ನು ಕ್ಯೂಪಿಡಿಎಫ್ ಅನ್ನುವ ಉಚಿತ ಸಲಕರಣೆಯಿಂದ ಪುಸ್ತಕದ ಎಲ್ಲ ಪುಟಗಳ ಮೇಲೂ ಕೂರಿಸುತ್ತೇನೆ. ಪುಟದ ಅಡಿಯಲ್ಲಿ, ತಿಳಿ ಬೂದು ಬಣ್ಣದಲ್ಲಿ: "ಈ ಪ್ರತಿ ಇಂಥವರದ್ದು, ಇಂಥ ಊರು." ಅಕ್ಷರ ನೋಟೋ ಸೆರಿಫ್ ಕನ್ನಡ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಇದನ್ನು ತೆಗೆಯಲು ಆಗುವುದಿಲ್ಲವಾ? ತಿಳಿದವನಿಗೆ ಎರಡು ನಿಮಿಷದ ಕೆಲಸ. ಆದರೆ ಫಾರ್ವರ್ಡ್ ಮಾಡುವವರಲ್ಲಿ ತಿಳಿದವರು ಕಡಿಮೆ, ನಾಚಿಕೆ ಇರುವವರು ಜಾಸ್ತಿ. ಮಂಗಳೂರು, ಉಡುಪಿ ಎಲ್ಲ ಎಷ್ಟು ದೊಡ್ಡ ಊರು ಮಾರಾಯ್ರೆ? ಬಲ್ಮಠದ ಹತ್ತಿರ ಒಬ್ಬರು ನನ್ನ ಪುಸ್ತಕ ಕೊಂಡಿದ್ದರು. ಸ್ವಲ್ಪ ಸಮಯ ಬಿಟ್ಟು ಅವರದ್ದೇ ಫೋನ್. "ನನ್ನ ತಂಗಿಯ ಮಗ ಅದನ್ನು ಫ್ರೆಂಡ್ಸಿಗೆ ಕಳಿಸಿದ್ದಾನೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡ್ಲಿಕ್ಕೆ ಕೊಟ್ಟಿದ್ದಾರಂತೆ. ಅಂಗಡಿಯವರು ನನ್ನ ಪರಿಚಯದವರು, 'ಇದೇನು, ಎಲ್ಲ ಪೇಜಲ್ಲೂ ನಿಮ್ಮ ಹೆಸರುಂಟು' ಅಂತ ಕೇಳಿದ್ರು. ಎಷ್ಟು ಕೊಡ್ಬೇಕು ಹೇಳಿ." ನಾನು ಏನೂ ಬೇಡ ಅಂದೆ. ಅವರು ಕೇಳಲಿಲ್ಲ, ಇನ್ನೊಂದು ಪ್ರತಿಯ ದುಡ್ಡು ಹಾಕಿಯೇ ಬಿಟ್ಟರು.

ನಿಜ ಹೇಳಬೇಕೆಂದರೆ ಆ ಹುಡುಗರ ಬಗ್ಗೆ ನನಗೆ ಸಿಟ್ಟೇನೂ ಇರಲಿಲ್ಲ. ಈ ಆಟದಲ್ಲಿ ಪುಸ್ತಕ ಪೂರ್ತಿ ಓದಬೇಕಾದವನು ಭಾಗವತ ಒಬ್ಬನೇ. ಉಳಿದ ನಾಲ್ವರೂ ಕೊಳ್ಳಬೇಕು ಅಂತ ಹಠ ಹಿಡಿದರೆ ಮೇಜೇ ಕೂಡುವುದಿಲ್ಲ. ಆ ಫೋನ್ ಬಂದ ಮೇಲೆ ಪುಸ್ತಕವನ್ನು ಎರಡು ಮಾಡಿದೆ. ನಿಯಮ, ಪಾತ್ರದ ಹಾಳೆ, ಊರಿನ ನಕಾಶೆ ಇರುವ ಆಟಗಾರರ ಭಾಗ ಪೂರ್ತಿ ಉಚಿತ. ಹೆಸರಿಲ್ಲ, ಯಾರು ಯಾರಿಗೆ ಬೇಕಾದರೂ ಕಳಿಸಲಿ. ಪ್ರಸಂಗದ ಗುಟ್ಟೆಲ್ಲ ಇರುವ ಭಾಗವತರ ಭಾಗಕ್ಕೆ ಮಾತ್ರ 149. ಇದರಲ್ಲಿ ಒಂದು ಅನುಕೂಲ ಉಂಟು. ಕಥೆಯಲ್ಲಿ ಗೋದಾಮಿಗೆ ಬೆಂಕಿ ಹಾಕಿದ್ದು ಯಾರು ಅಂತ ಮೊದಲೇ ಓದಿದ ಆಟಗಾರನಿಗೆ ಆಮೇಲೆ ಆಡುವುದಕ್ಕೆ ಏನು ಉಳಿಯುತ್ತದೆ? ಕದ್ದು ಓದಿದರೆ ಹಾಳಾಗುವುದು ಅವನದ್ದೇ ಆಟ.

ಟೆಲಿಗ್ರಾಮಿನ ಕಥೆ ಬೇರೆ. ಅಲ್ಲಿ ಹೆಸರು ಅಳಿಸಿದ ಪ್ರತಿ ಬಂತು. ಮಣಿಪಾಲದ ಹುಡುಗನೊಬ್ಬ "ಅಣ್ಣಾ, ನಿಮ್ಮ ಪುಸ್ತಕ ಇಲ್ಲಿ ಉಂಟು" ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಕಾನೂನು ಇಲ್ಲದಿಲ್ಲ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ ಲಿಖಿತ ದೂರು ಹೋದರೆ ಫೈಲ್ ಇರುವ ಜಾಲತಾಣದವರು 36 ಗಂಟೆಯೊಳಗೆ ಅದನ್ನು ತಡೆಯಬೇಕು. ಆದರೆ 21 ದಿನದೊಳಗೆ ನಾವು ಕೋರ್ಟಿನ ಆದೇಶ ತರದಿದ್ದರೆ ಅದು ಮತ್ತೆ ತೆರೆದುಕೊಳ್ಳಬಹುದು. 2022ರಲ್ಲಿ ದೆಹಲಿ ಹೈಕೋರ್ಟ್ ಒಂದು ಕೇಸಿನಲ್ಲಿ, ಕೋಚಿಂಗ್ ಪಾಠಗಳನ್ನು ಕದ್ದು ಹಂಚಿದ ಚಾನೆಲ್‌ಗಳ ವಿವರ ಕೊಡಿ ಅಂತ ಟೆಲಿಗ್ರಾಮಿಗೇ ಹೇಳಿತ್ತು. ಅದು ದೊಡ್ಡ ವ್ಯವಹಾರ ಇದ್ದವರ ಹೋರಾಟ. 149 ರೂಪಾಯಿಯ ಪುಸ್ತಕ ಹಿಡಿದುಕೊಂಡು ನಾನು ವಕೀಲರ ಆಫೀಸಿನ ಮೆಟ್ಟಿಲು ಹತ್ತಲಾ? ಒಂದು ದೂರಿನ ಇಮೇಲ್ ಹಾಕಿ ಸುಮ್ಮನಾದೆ.

ಅದರ ಬದಲು ಪುಸ್ತಕವನ್ನೇ ತಿದ್ದುತ್ತಾ ಹೋದೆ. ಅಧ್ಯಾಯಕ್ಕೆಲ್ಲ ಬುಕ್‌ಮಾರ್ಕ್ ಹಾಕಿದೆ, ಯಾಕೆಂದರೆ ಯೂನಿಕೋಡಿನಲ್ಲಿ ಮಾಡಿದರೂ ಕನ್ನಡ ಪಿಡಿಎಫ್‌ನಲ್ಲಿ ಹುಡುಕಾಟ ಆಗಾಗ ಕೈಕೊಡುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಒಂದೇ ಕಾಲಂನ ಇನ್ನೊಂದು ಫೈಲ್ ಮಾಡಿದೆ. ದೋಣಿ ಕಾಳಗದ ನಿಯಮ ತೀರಾ ಎಳೆಯುತ್ತದೆ ಅಂತ ಆಡಿದವರು ಹೇಳಿದರು, ಅದನ್ನು ಅರ್ಧ ಪುಟಕ್ಕೆ ಇಳಿಸಿದೆ. ಕೊಂಡವರಿಗೆಲ್ಲ ಹೊಸ ಪ್ರತಿ ಉಚಿತವಾಗಿ ಹೋಗುತ್ತದೆ, ಅವರವರ ಹೆಸರಿನೊಂದಿಗೇ. ಟೆಲಿಗ್ರಾಮಿನಲ್ಲಿ ಈಗಲೂ ಇರುವುದು ದೋಣಿ ಕಾಳಗ ಮುಗಿಯದ ಹಳೇ ಆವೃತ್ತಿ. ಮೊನ್ನೆ ಒಬ್ಬ ಅದನ್ನೇ ಆಡಿ ನನಗೆ ಬೈದು ಮೆಸೇಜ್ ಹಾಕಿದ್ದ. ಆಟಗಾರರ ಭಾಗದ ಲಿಂಕ್ ಕಳಿಸಿದೆ, ಕೆಳಗೆ ಕ್ಯೂಆರ್ ಕೋಡನ್ನೂ ಹಾಕಿದೆ.