ಇಂಡಕ್ಷನ್‌ನ ಮೊದಲ ದಿನವೇ ತೂಕದ ಮಾತು

ಮಕ್ಕಳ ರಕ್ತ ಕ್ಯಾನ್ಸರ್ ವಿಭಾಗಕ್ಕೆ ಸೇರಿದ ಹೊಸದರಲ್ಲಿ, ಇಂಡಕ್ಷನ್‌ನಲ್ಲಿ, ಅಂದರೆ ಚಿಕಿತ್ಸೆಯ ಮೊದಲ ಹಂತದಲ್ಲಿ, ಸ್ಟೀರಾಯ್ಡ್ ಶುರುವಾದ ಮಗು ತಟ್ಟೆ ಖಾಲಿ ಮಾಡಿತೆಂದರೆ ನನಗೆ ನೆಮ್ಮದಿಯಾಗುತ್ತಿತ್ತು. ಭಯವೆಲ್ಲ ಇಳಿಯುವ ತೂಕದ್ದೇ. ಏರಿದ ತೂಕವನ್ನು ಔಷಧದ ಲೆಕ್ಕಕ್ಕೆಂದು ಬರೆದುಕೊಂಡು ಮುಂದಿನ ಹಾಸಿಗೆಗೆ ನಡೆಯುತ್ತಿದ್ದೆ.

ಆ ರೂಢಿ ತಪ್ಪಿದ್ದು ಹದಿಮೂರು ವರ್ಷದ ಒಬ್ಬ ಹುಡುಗನಿಂದ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್ ಪತ್ತೆಯಾದಾಗಲೇ ಅವನ ಬಿಎಂಐ 95ನೇ ಪರ್ಸೆಂಟೈಲ್ ದಾಟಿತ್ತು, ಅಂದರೆ ಸ್ಥೂಲಕಾಯವಿತ್ತು. ಎರಡನೆಯ ವಾರದಿಂದ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಊಟ ಕೇಳತೊಡಗಿದ. “ಇಷ್ಟು ಸೂಜಿ ಚುಚ್ಚಿಸಿಕೊಳ್ಳುವ ಮಗು, ತಿನ್ನಲಿ ಬಿಡಿ” ಎಂದ ತಾಯಿಗೆ ನಾನೂ ತಲೆಯಾಡಿಸಿದೆ. ಸಕ್ಕರೆ ಏರಿ ಇನ್ಸುಲಿನ್ ಬೇಕಾಯಿತು, ಆಸ್ಪರಾಜಿನೇಸ್ ಎಂಬ ಕೀಮೋ ಔಷಧ ಕೊಟ್ಟ ಮೇಲೆ ಯಕೃತ್ತಿನ ತೊಂದರೆ ತೋರಿಸುವ ಬಿಲಿರುಬಿನ್ ಏರಿ ಮುಂದಿನ ಕೀಮೋ ತಡವಾಯಿತು, 29ನೇ ದಿನದ ಎಂಆರ್‌ಡಿ (ಚಿಕಿತ್ಸೆಯ ಮೇಲೂ ಉಳಿದ ಕ್ಯಾನ್ಸರ್ ಕೋಶಗಳ ಪ್ರಮಾಣ) ಶೇ. 0.01ರ ಗಡಿ ಮೀರಿತ್ತು. ಒಬ್ಬ ಹುಡುಗನಿಂದ ಏನೂ ಸಾಬೀತಾಗದು, ನಿಜ. ಆದರೆ ಅವನು ನನ್ನನ್ನು ಓದಲು ಕೂರಿಸಿದ.

ಹತ್ತು ವರ್ಷ ಮೇಲ್ಪಟ್ಟ ಸ್ಥೂಲಕಾಯದ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು 2007ರಲ್ಲೇ ವರದಿಯಾಗಿತ್ತು. ಕೊಬ್ಬಿನ ಕೋಶಗಳು ಡೌನೊರುಬಿಸಿನ್ ಎಂಬ ಕೀಮೋ ಔಷಧವನ್ನು ಹೀರಿಕೊಂಡು ನಿಷ್ಕ್ರಿಯಗೊಳಿಸುತ್ತವೆ. ಆಸ್ಪರಾಜಿನೇಸ್ ಹಸಿವಿಗೆ ದೂಡಿದ ಲ್ಯುಕೇಮಿಯಾ ಕೋಶಕ್ಕೆ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಉಣಿಸಿ ಸಲಹುತ್ತವೆ. ಇದು ಪ್ರಯೋಗಾಲಯದಲ್ಲಿ ಕಂಡದ್ದು. ನನ್ನನ್ನು ನಿಜಕ್ಕೂ ಒಪ್ಪಿಸಿದ್ದು 2021ರಲ್ಲಿ ಪ್ರಕಟವಾದ ಐಡಿಯಲ್ ಅಧ್ಯಯನ: ಇಂಡಕ್ಷನ್ ವೇಳೆ ಶೇ. 10ರಷ್ಟಾದರೂ ಕ್ಯಾಲೊರಿ ತಗ್ಗಿಸಿ, ವ್ಯಾಯಾಮ ಮಾಡಿಸಿದ ಮಕ್ಕಳಲ್ಲಿ ಎಂಆರ್‌ಡಿ ಉಳಿಯುವ ಸಂಭವ ಕಡಿಮೆಯಾಗಿತ್ತು. ಹೋಲಿಕೆ ಹಿಂದಿನ ರೋಗಿಗಳೊಂದಿಗೆ ಆದ್ದರಿಂದ ಅದನ್ನೇ ಅಂತಿಮ ಮಾತೆಂದು ನಾನು ಹೇಳಲಾರೆ.

ಈಗ ಸ್ಟೀರಾಯ್ಡ್‌ನ ಮೊದಲ ಮಾತ್ರೆಗೂ ಮುಂಚೆ ತಾಯಿತಂದೆಯರನ್ನು ಕೂರಿಸಿ, ಬರಲಿರುವ ಹಸಿವು ಔಷಧ ಹುಟ್ಟಿಸುವ ಹಸಿವೆಂದು ಹೇಳುತ್ತೇನೆ. ‘ಪಥ್ಯ’ ಎಂಬ ಪದವನ್ನು ಬಳಸುವುದಿಲ್ಲ, ಅದನ್ನು ಮಕ್ಕಳು ಶಿಕ್ಷೆಯೆಂದೇ ಕೇಳಿಸಿಕೊಳ್ಳುತ್ತಾರೆ. ಸಿಹಿ ಪಾನೀಯ ಮೊದಲು ಹೋಗುತ್ತದೆ, ಪ್ರೋಟೀನ್ ಮಾತ್ರ ತಗ್ಗುವುದಿಲ್ಲ. ಕಾರಿಡಾರಿನಲ್ಲಿ ನಡೆಸುವ ಮುನ್ನ, ವಿಂಕ್ರಿಸ್ಟಿನ್ ಎಂಬ ಕೀಮೋ ಔಷಧದಿಂದ ಪಾದ ಜೋಲುತ್ತಿದೆಯೇ ಎಂದು ಹಿಮ್ಮಡಿಯ ಮೇಲೆ ನಿಲ್ಲಿಸಿ ನೋಡುತ್ತೇನೆ. ಸೊರಗಿದ ಮಗುವಿಗೆ ಇದಾವುದನ್ನೂ ಹೇಳುವುದಿಲ್ಲ. ದಪ್ಪಗಿದೆಯೆಂದು ಕೀಮೋ ಪ್ರಮಾಣ ಇಳಿಸುವುದೂ ಇಲ್ಲ, ನಿಜವಾದ ತೂಕದಿಂದಲೇ ಮೈಯ ವಿಸ್ತೀರ್ಣ ಲೆಕ್ಕಹಾಕುತ್ತೇನೆ.

ರಾತ್ರಿಯ ಹಸಿವಿಗೆ ಇನ್ನೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಎರಡು ಗಂಟೆಯ ಆ ತಟ್ಟೆಯಲ್ಲಿ ಏನಿರಬೇಕೆಂದು ಸಂಜೆಯೇ ಮಗುವಿನ ಜೊತೆ ಕುಳಿತು ತೀರ್ಮಾನಿಸಿ, ಮುಚ್ಚಿಟ್ಟು ಹೋಗುತ್ತೇವೆ.